ಎಂಟು ತಂತಿಗಳ ಮುಂದೆ ಕೈಕಟ್ಟಿ ಕೂರುವುದೇಕೆ?

ನಮ್ಮ ಹೆಂಗಸರ ಕೈಗೆ ಬಗ್ಗದ ಕೆಲಸ ಯಾವುದುಂಟು ಹೇಳಿ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ತಣ್ಣೀರಿನಲ್ಲಿ ಅದ್ದಿ ಇನ್ನೊಂದು ವಾರ ಓಡಿಸುತ್ತೇವೆ. ಹಾಲು ಉಕ್ಕಿ ಕಟ್ಟಿಕೊಂಡ ಬರ್ನರಿನ ತೂತುಗಳನ್ನು ಸೇಫ್ಟಿ ಪಿನ್ನಿನಿಂದ ಒಂದೊಂದಾಗಿ ಬಿಡಿಸುತ್ತೇವೆ. ಹೊಲಿಗೆ ಮೆಶಿನ್ನಿನ ಬಾಬಿನ್ ಕೇಸ್ ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಕೂಡಿಸುತ್ತೇವೆ. ಶಂಕರಪುರದ ಕಡೆಯ ಹೆಂಗಸರು ಪೇಟೆಗೆ ಹೂ ಹೋಗುವ ಹೊತ್ತಿಗೆ ಬಾಳೆನಾರಿನಲ್ಲಿ ಚೆಂಡಿಗೆ 800ರ ಲೆಕ್ಕದಲ್ಲಿ ಮಲ್ಲಿಗೆ ಕಟ್ಟಿ ಮುಗಿಸುತ್ತಾರೆ. ನಮ್ಮ ಜಿಲ್ಲೆಯ ಬೀಡಿ ಕಟ್ಟುವ ಅಕ್ಕಂದಿರು ಟಿ.ವಿ. ನೋಡುತ್ತಾ, ಮಗುವನ್ನು ಗದರಿಸುತ್ತಾ, ಸಾವಿರದ ಲೆಕ್ಕದಲ್ಲಿ ಎಲೆ ಸುತ್ತಿ ನೂಲು ಬಿಗಿಯುತ್ತಾರೆ. ಕಣ್ಣು ಎಲ್ಲಿಯೇ ಇರಲಿ, ಬೆರಳು ತಪ್ಪುವುದಿಲ್ಲ.

ಇಂಥ ಬೆರಳುಗಳು ಒಂದೇ ಒಂದು ಕಡೆ ಹಿಂದೆ ಸರಿಯುತ್ತವೆ. ಗೋಡೆಯ ಮೂಲೆಯಲ್ಲಿ ಇಂಟರ್ನೆಟ್ಟಿನ ಡಬ್ಬಿಯಿಂದ ಹೊರಟ ಬೂದು ಬಣ್ಣದ ವೈರು ಕಂಡ ಕೂಡಲೇ ಕೈಗಳು ಸೆರಗಿನೊಳಗೆ ಸೇರಿಕೊಳ್ಳುತ್ತವೆ. ‘ಅದು ನಮಗೆಲ್ಲ ಗೊತ್ತಾಗ್ಲಿಕ್ಕಿಲ್ಲಪ್ಪ, ಅವರು ಬಂದು ನೋಡ್ಲಿ’ ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ಈ ‘ಅವರು’ ಯಾರು? ಗಂಡ, ಮಗ, ತಮ್ಮ, ಪಕ್ಕದ ಮನೆಯ ಹುಡುಗ, ಕಂಪೆನಿಯವ – ಒಟ್ಟಿನಲ್ಲಿ ಮೀಸೆ ಇರುವ ಯಾರಾದರೂ ಸರಿ. ನನ್ನ ಜಗಳ ಇರುವುದು ಈ ‘ಅವರ’ ಜೊತೆಗಲ್ಲ, ಆ ಮಾತಿನ ಜೊತೆಗೆ. ಮನೆಯೊಳಗಿನ ನೆಟ್‌ವರ್ಕ್ ಕೇಬಲನ್ನು ಮನೆಯ ಹೆಂಗಸೇ ಮಾಡಿಕೊಳ್ಳಬಲ್ಲಳು, ಮಾಡಿಕೊಳ್ಳಬೇಕು ಎಂಬುದು ನನ್ನ ವಾದ. ಮೂಗು ಮುರಿಯುವವರು ಪೂರ್ತಿ ಓದಿಯೇ ಮುರಿಯಲಿ.

ಮೊದಲಿಗೆ, ಇದು ಶೋಕಿಯ ವಿಷಯ ಅಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದು ಶೋಕಿಯಾಗಿತ್ತೋ ಏನೋ. ಇವತ್ತು ಕರೆಂಟು ಬಿಲ್ಲು, ಗ್ಯಾಸ್ ಬುಕ್ಕಿಂಗು, ಅತ್ತೆಯ ಪೆನ್ಷನ್ನಿನ ಜೀವನ ಪ್ರಮಾಣ ಪತ್ರ, ಮಕ್ಕಳ ಫೀಸು ಎಲ್ಲವೂ ಅದೇ ದಾರಿಯಲ್ಲಿ ಹೋಗುತ್ತವೆ. ನಮ್ಮಂಥ ಶಿಕ್ಷಕಿಯರಿಗಂತೂ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಸ್ಯಾಟ್ಸ್ ತೆರೆಯಬೇಕು. ಮಕ್ಕಳ ಹೆಸರು, ಅಂಕ, ವರ್ಗಾವಣೆ ಎಲ್ಲ ಅದರಲ್ಲಿಯೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ, ತಂದೆ ಪಕ್ಕದಲ್ಲಿ ನಿಂತು ಕೊಡೆ ಹಿಡಿದ ಚಿತ್ರವನ್ನು ನೀವೂ ಪತ್ರಿಕೆಯಲ್ಲಿ ನೋಡಿರಬಹುದು. ಅದನ್ನು ನೋಡಿ ಕಣ್ಣೊರೆಸಿಕೊಂಡ ನಾವು, ನಮ್ಮದೇ ಮನೆಯ ಮಹಡಿಯ ಕೋಣೆಯಲ್ಲಿ ಮಗಳಿಗೆ ಸಿಗ್ನಲ್ ಸಿಗದಿದ್ದಾಗ ಮಾಡಿದ್ದೇನು? ‘ಮೆಟ್ಟಿಲ ಮೇಲೆ ಕೂತ್ಕೊ’ ಎಂದೆವು. ಅಲ್ಲವೇ?

ನಂತೂರಿನಲ್ಲಿ ನಮ್ಮದು ಮುರಕಲ್ಲಿನ ಗೋಡೆಯ ಹಳೆಯ ಮನೆ, ಮೇಲೆ ಆಮೇಲೆ ಎಬ್ಬಿಸಿದ ಕಾಂಕ್ರೀಟಿನ ಮಹಡಿ. ಮಂಗಳೂರಿನಲ್ಲಿ ಇಂಥ ಮನೆಗಳು ಎಷ್ಟಿಲ್ಲ! ಸೆಕೆಗೆ ಹಿತವಾದ ಈ ದಪ್ಪ ಗೋಡೆ ವೈ-ಫೈಗೆ ದೊಡ್ಡ ಶತ್ರು. ಕಂಪೆನಿಯವರು ಡಬ್ಬಿ ಇಡುವುದು ಅವರಿಗೆ ಸುಲಭವಾದ ಕಡೆ, ಅಂದರೆ ಕಂಬಕ್ಕೆ ಹತ್ತಿರವಾದ ಚಾವಡಿಯ ಮೂಲೆಯಲ್ಲಿ. ಅಲ್ಲಿಂದ ಎರಡು ಗೋಡೆ, ಒಂದು ಸ್ಲ್ಯಾಬು ದಾಟುವಷ್ಟರಲ್ಲಿ ಅಲೆಗಳು ಏದುಸಿರು ಬಿಡುತ್ತವೆ. ಸುತ್ತಲಿನ ಫ್ಲ್ಯಾಟುಗಳ ವೈ-ಫೈಗಳೂ ಅದೇ ಗಾಳಿಯಲ್ಲಿ ನೂಕಾಡುತ್ತಿರುತ್ತವೆ. ಸಂಜೆ ಆರು ಗಂಟೆಯ ನಂತೂರು ಸರ್ಕಲ್ಲಿನ ಹಾಗೆ, ಯಾರಿಗೂ ಮುಂದೆ ಹೋಗಲು ದಾರಿ ಇಲ್ಲ. ಇದಕ್ಕೆ ಮದ್ದು ಒಂದೇ – ಡಬ್ಬಿಯಿಂದ ಮಹಡಿಗೆ ಒಂದು ವೈರು ಎಳೆದು, ಅಲ್ಲಿ ಇನ್ನೊಂದು ರೂಟರ್ ಇಡುವುದು. ವೈರಿಗೆ ಗೋಡೆಯ ಹಂಗಿಲ್ಲ, ನೆರೆಮನೆಯ ಗಲಾಟೆಯೂ ಇಲ್ಲ.

ನಮ್ಮ ಮನೆಯಲ್ಲಿ ಈ ಮದ್ದು ಬೇಕಾದದ್ದು ಸೊಸೆಗೆ. ಅವಳದು ಮನೆಯಿಂದಲೇ ಮಾಡುವ ಬೆಂಗಳೂರಿನ ನೌಕರಿ. ಮೀಟಿಂಗಿನ ನಡುವೆ ಪರದೆ ನಿಂತುಹೋದರೆ ಆಚೆ ಕಡೆಯವರಿಗೆ ಮುರಕಲ್ಲು ಕಾಣುವುದಿಲ್ಲ. ಮದುವೆಯಾಗಿ ಊರಿಗೆ ಹೋದ ಹುಡುಗಿಗೆ ಕೆಲಸದ ಮೇಲೆ ಆಸ್ಥೆ ಕಡಿಮೆಯಾಗಿದೆ ಎಂದು ಮಾತ್ರ ಕಾಣುತ್ತದೆ. ಕಂಪೆನಿಗೆ ದೂರು ಕೊಟ್ಟೆವು. ಕಂಪೆನಿಯ ಹೆಸರು ಬೇಡ, ಈ ವಿಷಯದಲ್ಲಿ ಎಲ್ಲರದೂ ಒಂದೇ ರಾಗ. ನಾಲ್ಕನೆಯ ದಿನ ಬಂದ ಹುಡುಗ ಗೇಟಿನಲ್ಲಿಯೇ ಕೇಳಿದ – ‘ಆಂಟಿ, ಮನೆಯಲ್ಲಿ ಗಂಡಸರು ಯಾರೂ ಇಲ್ವಾ?’

‘ಇಲ್ಲ. ಏನಾಗಬೇಕಿತ್ತು?’

‘ಅಲ್ಲ, ಸ್ವಲ್ಪ ಟೆಕ್ನಿಕಲ್ ಉಂಟು. ಸರ್ ಇದ್ದಿದ್ರೆ ಹೇಳ್ಬಹುದಿತ್ತು.’

ಮೂವತ್ತು ವರ್ಷ ಮಕ್ಕಳಿಗೆ ಭಿನ್ನರಾಶಿ, ಬೀಜಗಣಿತ ಹೇಳಿಕೊಟ್ಟವಳು ನಾನು. ಕಂಪ್ಯೂಟರ್ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವವಳು ನನ್ನ ಸೊಸೆ. ನಮ್ಮಿಬ್ಬರಿಗೂ ಅರ್ಥವಾಗದ್ದು, ಮೊಬೈಲಿನಲ್ಲಿ ಓ.ಟಿ.ಪಿ. ಹುಡುಕಲು ನನ್ನನ್ನು ಕರೆಯುವ ನನ್ನ ಯಜಮಾನರಿಗೆ ಅರ್ಥವಾಗುತ್ತದೆಯಂತೆ! ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೋದ ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ಹೆಂಗಸರು ‘ಒಂದು ನಿಮಿಷ, ಇವರನ್ನು ಕರೀತೇನೆ’ ಎಂದು ಒಳಗೆ ಹೋಗಿರಬೇಕು. ಅವನಿಗೆ ಆ ಪಾಠ ಕಲಿಸಿದವರು ನಾವೇ ಹೆಂಗಸರು. ವೈರು ಎಳೆಯುವುದು ಕಂಪೆನಿಯ ಕೆಲಸ ಅಲ್ಲ, ಬೇರೆಯವರನ್ನು ಕರೆಸಿ ಎಂದು ಹೇಳಿ ಅವನು ಹೋದ. ಅತ್ತೆ ಸೊಸೆ ಇಬ್ಬರೂ ಸೇರಿ ಆ ಭಾನುವಾರ ವೈರು ಎಳೆದೆವು. ನಮ್ಮದೇನೂ ಪವಾಡವಲ್ಲ. ಕೆಲಸ ಎಷ್ಟು ಸಣ್ಣದೆಂದು ತಿಳಿದರೆ, ಇಷ್ಟು ದಿನ ಅದನ್ನು ಬ್ರಹ್ಮವಿದ್ಯೆ ಎಂದು ನಂಬಿಸಿದವರ ಮೇಲೆ ನಿಮಗೂ ನಗು ಬರುತ್ತದೆ.

ಏನದು ಬ್ರಹ್ಮವಿದ್ಯೆ? ಕೇಳಿ. ಆ ಕೇಬಲಿನೊಳಗೆ ಎಂಟು ತಾಮ್ರದ ತಂತಿಗಳಿವೆ, ಎರಡೆರಡಾಗಿ ಹೆಣೆದ ನಾಲ್ಕು ಜಡೆ – ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಜೋಡಿಯಲ್ಲಿ ಒಂದು ಪೂರ್ತಿ ಬಣ್ಣದ್ದು, ಇನ್ನೊಂದು ಅದೇ ಬಣ್ಣದ ಗೆರೆ ಇರುವ ಬಿಳಿಯದು. ಹೆಣೆದದ್ದು ಅಂದಕ್ಕಲ್ಲ. ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಂದೇಶ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಆಚೆ ತುದಿಯ ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗುತ್ತದೆ. ಎಂಟನೆಯ ತರಗತಿಯ ಬೀಜಗಣಿತ ಇಷ್ಟೇ – ಎರಡೂ ಕಡೆ ಇರುವ ಒಂದೇ ಸಂಖ್ಯೆ ಹೊಡೆದುಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಟೆಲಿಫೋನಿಗಾಗಿ ಈ ಹೆಣಿಗೆಯ ಪೇಟೆಂಟ್ ಪಡೆದಿದ್ದ. ಜಡೆ ಹಾಕುವ ಕುಲದವರಾದ ನಮಗೆ ಇದನ್ನು ಬೇರೆ ಯಾರು ಹೇಳಿಕೊಡಬೇಕು?

ಬೇಕಾದ ಸಾಮಾನು ನಾಲ್ಕು: ಕೇಬಲು, ಅದರ ತುದಿಗೆ ಹಾಕುವ ಆರ್‌ಜೆ45 ಕನೆಕ್ಟರು, ಅದನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಇಕ್ಕಳ, ಮತ್ತು ಎಂಟು ದೀಪಗಳ ಒಂದು ಟೆಸ್ಟರು. ಇಕ್ಕಳ, ಟೆಸ್ಟರು, ಒಂದು ಪೊಟ್ಟಣ ಕನೆಕ್ಟರು ಸೇರಿದರೂ ಮದುವೆಗೆ ಉಡುವ ಸಾಧಾರಣ ಸೀರೆಯಷ್ಟು ಬೆಲೆ ಆಗಲಿಕ್ಕಿಲ್ಲ. ಕೇಬಲಿನ ಹೊರಗಿನ ಸಿಪ್ಪೆಯನ್ನು ಒಂದು ಇಂಚಿನಷ್ಟು ಬಿಡಿಸಿ, ಒಳಗಿನ ತಂತಿಗೆ ಗೀರು ಬೀಳದ ಹಾಗೆ. ಜಡೆ ಬಿಚ್ಚಿ, ತಂತಿಗಳನ್ನು ಬೆರಳಲ್ಲಿ ತೀಡಿ ನೇರ ಮಾಡಿ, ಎಡದಿಂದ ಬಲಕ್ಕೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿಯನ್ನು ಒಂದೇ ಸಮ ಕತ್ತರಿಸಿ, ಅರ್ಧ ಇಂಚು ಮಾತ್ರ ಉಳಿಸಿ. ಕನೆಕ್ಟರಿನ ನಾಲಿಗೆ ಕೆಳಗೆ, ತೂತು ನಿಮ್ಮ ಕಡೆಗೆ ಇರುವ ಹಾಗೆ ಹಿಡಿದು, ಎಂಟೂ ತಂತಿಗಳನ್ನು ಮುಂದಿನ ತುದಿ ಮುಟ್ಟುವವರೆಗೆ ತಳ್ಳಿ. ಹೊರಗಿನ ಸಿಪ್ಪೆಯೂ ಒಳಗೆ ಸ್ವಲ್ಪ ಸೇರಿರಬೇಕು. ಇಕ್ಕಳದಲ್ಲಿಟ್ಟು ಗಟ್ಟಿಯಾಗಿ ಒತ್ತಿ. ಇನ್ನೊಂದು ತುದಿಗೂ ಹೀಗೆಯೇ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹೊತ್ತಿತೋ, ಮುಗಿಯಿತು. ನೀರುದೋಸೆ ತೆಳ್ಳಗೆ ಎಬ್ಬಿಸುವುದು ಇದಕ್ಕಿಂತ ಕಷ್ಟ.

ಹಸಿರು ಜೋಡಿ ಮಾತ್ರ ನೀಲಿಯ ಆಚೆ ಈಚೆ ಕಾಲು ಚಾಚಿ ನಿಂತಿದೆಯಲ್ಲ, ಅದೇಕೆ ಎಂದು ಕೇಳಿದರೆ ಹೇಳುವವರು ಕಡಿಮೆ. ನಡುವಿನ ಎರಡು ಜಾಗ ಮೊದಲಿನಿಂದಲೂ ಟೆಲಿಫೋನಿನದು. ಅದಕ್ಕೆ ನೀಲಿ ಜೋಡಿಯನ್ನು ಬಿಟ್ಟುಕೊಟ್ಟು ಹಸಿರು ಎರಡು ಬದಿಗೆ ಸರಿಯಿತು. ಇದು ತಿಳಿಯದೆ ‘ಎರಡು ಕಡೆಯೂ ಒಂದೇ ಕ್ರಮ ಇದ್ದರೆ ಸಾಕು’ ಎಂದು ಬಣ್ಣಗಳನ್ನು ಜೋಡಿಯಾಗಿಯೇ ಸಾಲಾಗಿ ತುಂಬಿಸುವವರಿದ್ದಾರೆ. ಟೆಸ್ಟರಿನಲ್ಲಿ ದೀಪವೆಲ್ಲ ಹೊತ್ತುತ್ತದೆ, ಆದರೆ ಜಡೆ ಅದಲುಬದಲಾಗಿ ಗದ್ದಲ ಕಳೆಯುವುದಿಲ್ಲ, ವೇಗ ಕುಂಟುತ್ತದೆ. ‘ನಿಮ್ಮ ಕಂಪ್ಯೂಟರೇ ಹಳೆಯದು’ ಎಂಬ ಉತ್ತರ ಆಗ ಸಿಗುತ್ತದೆ. ತಿಳಿದವಳಿಗೆ ಈ ಉತ್ತರವನ್ನು ಮಾರಲಾಗುವುದಿಲ್ಲ. ಅಂಗಡಿಯಲ್ಲಿಯೂ ಹಾಗೆಯೇ. ತಾಮ್ರದ್ದೆಂದು ಕೊಡುವ ಅಗ್ಗದ ಕೇಬಲಿನಲ್ಲಿ ಎಷ್ಟೋ ಸಲ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಇರುತ್ತದೆ. ಬ್ಲೇಡಿನಿಂದ ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸು ಕೊಡಿ. ಚಿನ್ನವನ್ನು ಉಜ್ಜಿ ನೋಡದೆ ಕೊಳ್ಳದವರು ನಾವು; ತಾಮ್ರಕ್ಕೂ ಅಷ್ಟೇ ಮರ್ಯಾದೆ ಕೊಟ್ಟರಾಯಿತು.

‘ಇದೆಲ್ಲ ಗಂಡಸರ ಕೆಲಸ’ ಎನ್ನುವವರಿಗೆ ಚರಿತ್ರೆ ಗೊತ್ತಿಲ್ಲ. 1878ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ ಊರಿಗೂ ಊರಿಗೂ ಮಾತು ಕೂಡಿಸಲು ಕೂತದ್ದೇ, ಆ ಕೆಲಸ ಹೆಂಗಸರದ್ದಾಯಿತು. 1946ರಲ್ಲಿ ಜನರೆದುರು ಬಂದ ಎನಿಯಾಕ್ ಎಂಬ ದೈತ್ಯ ಗಣಕಯಂತ್ರಕ್ಕೆ ಲೆಕ್ಕ ಹೇಳಿಕೊಡುವುದೆಂದರೆ ಕೇಬಲುಗಳನ್ನು ಕಿತ್ತು ಬೇರೆ ಕಡೆ ಚುಚ್ಚುವುದು; ಅದನ್ನು ಮಾಡಿದವರು ಆರು ಮಂದಿ ಹೆಂಗಸರು. ಅವರ ಹೆಸರು ಬಹುಕಾಲ ಹೊರಗೆ ಬರಲಿಲ್ಲ, ಅದು ಬೇರೆ ಮಾತು. ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಯ ಗಣಕದ ನೆನಪನ್ನು ಕಾರ್ಖಾನೆಯ ಹೆಂಗಸರು ಸಣ್ಣ ಉಂಗುರಗಳ ಒಳಗೆ ಹೊರಗೆ ತಂತಿ ಪೋಣಿಸಿ ನೇಯ್ದರು. ನಮ್ಮಲ್ಲಿಯೇ ನೋಡಿ – ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಮಾಡಿದ್ದು ಮೈಕ್ರೋವೇವ್ ಅಲೆಗಳ ಬಗ್ಗೆ. ವೈ-ಫೈ ಓಡುವುದೂ ಆ ಜಾತಿಯ ಅಲೆಗಳ ಮೇಲೆಯೇ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಕೂದಲೆಳೆಯಂಥ ಭಾಗಗಳನ್ನು ಕೂಡಿಸಿ ನಮ್ಮಪ್ಪಂದಿರ ಕೈಗಡಿಯಾರ ಕಟ್ಟಿದವರಲ್ಲಿ ಹೆಂಗಸರು ಎಷ್ಟೋ ಮಂದಿ. ಕಾರ್ಖಾನೆಯಲ್ಲಿ ಸಂಬಳಕ್ಕೆ ಕೂತಾಗ ‘ಹೆಂಗಸರ ಬೆರಳು ನಾಜೂಕು’ ಎಂದು ಹೊಗಳುವ ಲೋಕವೇ, ಮನೆಯಲ್ಲಿ ಅದೇ ಬೆರಳು ತನಗಾಗಿ ಒಂದು ತಂತಿ ಮುಟ್ಟಿದರೆ ‘ಶಾಕ್ ಹೊಡೆದೀತು’ ಎನ್ನುತ್ತದೆ!

ಶಾಕಿನ ಮಾತು ಬಂದದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಈ ಕೇಬಲಿನಲ್ಲಿ ಹರಿಯುವ ಸಂದೇಶ ಕೆಲವೇ ವೋಲ್ಟಿನದು. ಗೋಡೆಯ ಪ್ಲಗ್ಗಿನ 230 ವೋಲ್ಟಿನ ಕರೆಂಟು ಬೇರೆ. ಅದಕ್ಕೆ ಲೈಸೆನ್ಸ್ ಇರುವ ವೈರ್‌ಮ್ಯಾನೇ ಬೇಕು, ಅದರಲ್ಲಿ ಹಟ ಬೇಡ. ಎರಡನ್ನೂ ಒಂದೇ ಪೈಪಿನಲ್ಲಿ ಎಳೆಯಲೂ ಬಾರದು. ದಾಟಬೇಕಾದರೆ ಅಡ್ಡಲಾಗಿ ದಾಟಿಸಿ. ಕಂಬದಿಂದ ಬರುವ ಫೈಬರ್ ಗಾಜಿನ ಎಳೆ, ಅದರ ತುದಿಯನ್ನು ಮುಟ್ಟುವುದೂ ಬೇಡ, ಕಣ್ಣಿಟ್ಟು ನೋಡುವುದೂ ಬೇಡ. ಅದು ಕಂಪೆನಿಯವರ ಪಾಲು. ತಾಮ್ರದ ಕೇಬಲನ್ನು ಟೆರೇಸಿನ ಮೇಲಿಂದ ಪಕ್ಕದ ಮನೆಗೆ ಎಳೆಯಲೇಬೇಡಿ. ನಮ್ಮ ಕರಾವಳಿಯಲ್ಲಿ ಎಪ್ರಿಲ್-ಮೇ ತಿಂಗಳಲ್ಲಿಯೂ ಮಳೆಗಾಲ ಹಿಂದೆ ಹೋಗುವಾಗಲೂ ಬರುವ ಸಿಡಿಲಿಗೆ ಅದು ನೇರ ದಾರಿ. ಗುಡುಗು ಶುರುವಾದರೆ ಪ್ಲಗ್ಗುಗಳನ್ನು ಕಿತ್ತಿಡಿ. ಕೇಬಲಿನ ಉದ್ದ 100 ಮೀಟರ್ ಮೀರಬಾರದು ಎಂಬ ನಿಯಮವೂ ಉಂಟು. ನಮ್ಮ ಮನೆಗಳಿಗೆ ಮೂವತ್ತು ಮೀಟರೇ ಧಾರಾಳವಾಯಿತು. ಎಲ್ಲಿ ಕೈ ಹಾಕಬಾರದು ಎಂದು ತಿಳಿಯುವುದೂ ಈ ವಿದ್ಯೆಯ ಒಂದು ಭಾಗ. ಅಡಿಗೆಮನೆಯಲ್ಲಿ ಬೆಂಕಿಯ ಜೊತೆ ಬಾಳುವವರಿಗೆ ಇದು ಹೊಸ ಪಾಠವಲ್ಲ.

ಆಕ್ಷೇಪಗಳಿಗೆ ಬರೋಣ. ‘ಅಂಗಡಿಯಲ್ಲಿ ತುದಿ ಹಾಕಿದ ಕೇಬಲ್ ಸಿಗುವಾಗ ಮಾಡಿಕೊಳ್ಳುವುದೇಕೆ?’ ಎನ್ನುತ್ತಾರೆ. ಒಂದೆರಡು ಮೀಟರಿನದು ಬೇಕಾದರೆ ಧಾರಾಳವಾಗಿ ಕೊಳ್ಳಿ, ನಾನೂ ಕೊಳ್ಳುತ್ತೇನೆ. ಆದರೆ ತುದಿ ಇರುವ ಕೇಬಲು ಗೋಡೆಯ ಸಣ್ಣ ತೂತಿನಲ್ಲಿ ನುಗ್ಗುವುದಿಲ್ಲ, ಮನೆಯ ಅಳತೆಗೆ ಸಿಗುವುದೂ ಇಲ್ಲ. ಸಿದ್ಧ ಉಡುಪು ಸಿಗುತ್ತದೆಂದು ನಾವು ರವಿಕೆ ಹೊಲಿಸುವುದನ್ನು ಬಿಟ್ಟಿದ್ದೇವೆಯೇ? ಇಷ್ಟಕ್ಕೂ ಈ ಕೇಬಲುಗಳಲ್ಲಿ ಮೊದಲು ಮುರಿಯುವುದು ಕನೆಕ್ಟರಿನ ಆ ಪ್ಲಾಸ್ಟಿಕ್ ನಾಲಿಗೆ. ನಾಲಿಗೆ ಮುರಿದದ್ದಕ್ಕೆ ಇಡೀ ಕೇಬಲನ್ನು ಎಸೆಯುವವರನ್ನು ಏನನ್ನಬೇಕು? ಒಂದಿಂಚು ಕತ್ತರಿಸಿ ಹೊಸ ತುದಿ ಹಾಕಲು ಐದು ನಿಮಿಷ ಸಾಕು.

‘ಆ ಹುಡುಗರ ಹೊಟ್ಟೆಗೆ ಹೊಡೆಯುತ್ತೀರಿ’ ಎಂಬುದು ಇನ್ನೊಂದು. ಇಲ್ಲ. ಕಂಬದ ಕೆಲಸ, ಫೈಬರಿನ ಕೆಲಸ, ಹೊಸ ಕಟ್ಟಡಗಳ ಕೆಲಸ ಅವರ ಬಳಿ ಬೇಕಾದಷ್ಟಿದೆ. ನಾವು ಕಸಿಯುವುದು ಅವರ ಅನ್ನವನ್ನಲ್ಲ, ‘ಗಂಡಸರು ಇಲ್ವಾ’ ಎಂಬ ಪ್ರಶ್ನೆಯನ್ನು. ಆ ಕೆಲಸವನ್ನೇ ಅನ್ನದ ದಾರಿ ಮಾಡಿಕೊಳ್ಳಬಲ್ಲ ಹೆಣ್ಣುಮಕ್ಕಳೂ ಇದ್ದಾರೆ. ಹೆಂಗಸೇ ಬಂದು ರಿಪೇರಿ ಮಾಡುವುದಾದರೆ ಒಂಟಿಯಾಗಿರುವ ಎಷ್ಟು ಹೆಂಗಸರು ನಿಶ್ಚಿಂತೆಯಿಂದ ಬಾಗಿಲು ತೆರೆದಾರು!

ಮೂರನೆಯ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಏಕೆಂದರೆ ಅದನ್ನು ಎತ್ತುವವರು ನನ್ನ ಗೆಳತಿಯರೇ. ‘ಇರುವ ಕೆಲಸವೇ ಸಾಯುವಷ್ಟಿದೆ ಟೀಚರೇ, ಇದನ್ನೂ ನಮ್ಮ ತಲೆಗೆ ಕಟ್ಟುತ್ತೀರಾ? ನಾವು ಕಲಿತರೆ ನಾಳೆಯಿಂದ ಇದೂ ನಮ್ಮ ಪಾಲಿಗೇ.’ ಈ ಮಾತಿನಲ್ಲಿ ಕಹಿ ಸತ್ಯ ಉಂಟು. ಸ್ಕೂಟರ್ ಕಲಿತ ಹೆಂಗಸಿಗೆ ರೇಷನ್ ತರುವ, ಮಗುವನ್ನು ಟ್ಯೂಷನ್ನಿಗೆ ಬಿಡುವ ಕೆಲಸಗಳು ಅಂಟಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆಕೆಯನ್ನು ಕೇಳಿ ನೋಡಿ, ಸ್ಕೂಟರನ್ನು ಮರೆಯಲು ಒಪ್ಪುತ್ತಾಳೆಯೇ? ಒಪ್ಪುವುದಿಲ್ಲ. ಕಾಯುವುದೂ ಒಂದು ಕೆಲಸವೇ. ನಾಲ್ಕು ದಿನ ಫೋನು ಮಾಡುವುದು, ‘ಇವತ್ತು ಬರ್ತಾರೆ’ ಎಂದು ರಜೆ ಹಾಕಿ ಕೂರುವುದು, ಬಂದವನ ಮುಂದೆ ಅಸಡ್ಡೆಯ ಮಾತು ಕೇಳುವುದು – ಇವನ್ನೆಲ್ಲ ಕೂಡಿಸಿದರೆ ಕೇಬಲು ಮಾಡುವ ಅರ್ಧ ಗಂಟೆ ಯಾವ ಲೆಕ್ಕ? ಮತ್ತೆ, ಕಲಿಯುವುದು ಬೇರೆ, ಪ್ರತಿಸಲ ತಾನೇ ಮಾಡುವುದು ಬೇರೆ. ಮಗನಿಗೂ ಕಲಿಸಿ, ಗಂಡನಿಂದಲೂ ಮಾಡಿಸಿ. ಆದರೆ ಗೊತ್ತಿಲ್ಲದವಳು ಮಾಡಿಸಲೂ ಆರಳು. ಅವಳು ಬರೀ ಬೇಡಬಲ್ಲಳು.

ಇದೇ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1930ರಲ್ಲಿ ಮುಂಬಯಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೊಡನೆ ಇಳಿದರು. ಸ್ವಂತ ಉಪ್ಪು ಮಾಡಿದ್ದರಿಂದ ಯಾರ ಮನೆಯ ಖರ್ಚು ಎಷ್ಟು ಉಳಿಯಿತು ಎಂದು ಯಾರೂ ಲೆಕ್ಕ ಕೇಳಲಿಲ್ಲ. ನಿನಗೆ ಹಕ್ಕಿಲ್ಲ ಎಂದದ್ದನ್ನು ಕೈಯಾರೆ ಮಾಡಿ ತೋರಿಸಿದ್ದೇ ಅದರ ಬೆಲೆ. ಕೇಬಲನ್ನು ಉಪ್ಪಿಗೆ ಹೋಲಿಸುವುದು ಅತಿಯಾಯಿತೆಂದು ನಗುವವರು ನಗಲಿ. ಅನುಮತಿ ಬೇಕಿಲ್ಲದ ಕೆಲಸಕ್ಕೂ ಅನುಮತಿಗೆ ಕಾಯುವ ನಮ್ಮ ಚಾಳಿ ಮಾತ್ರ ಅದೇ ಹಳೆಯದು.

ಕೊನೆಗೆ ನನ್ನ ವೃತ್ತಿಯವರಿಗೆ ಒಂದು ಮಾತು. ಕೊಠಾರಿ ಆಯೋಗ 1966ರಲ್ಲಿ ಶಾಲೆಗಳಲ್ಲಿ ಕಾರ್ಯಾನುಭವ ಬೇಕೆಂದು ಶಿಫಾರಸು ಮಾಡಿತು. ನಾವು ಅದನ್ನು ಏನು ಮಾಡಿದೆವು? ಹುಡುಗಿಯರಿಗೆ ಕಸೂತಿ, ಹುಡುಗರಿಗೆ ತೋಟಕ್ಕೆ ನೀರು, ಪರೀಕ್ಷೆಗೆ ಒಂದು ಅಂಕ. ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಂಪ್ಯೂಟರಿನ ಕೋಣೆಗೆ ತಿಂಗಳುಗಟ್ಟಲೆ ಬೀಗ ಬಿದ್ದಿತ್ತು; ಯಂತ್ರ ಕೆಟ್ಟು ಅಲ್ಲ, ವೈರಿನ ತುದಿಗಳು ಮುರಿದು, ‘ಮೇಲಿನಿಂದ ಜನ ಬರಬೇಕು’ ಎಂದು. ಮೇಲಿನಿಂದ ಯಾರೂ ಬರುವುದಿಲ್ಲ ತಾಯಂದಿರೇ! ಒಂದು ಇಕ್ಕಳ, ನೂರು ಕನೆಕ್ಟರು ತರಿಸಿ ಒಂಬತ್ತನೆಯ ತರಗತಿಯ ಹುಡುಗಿಯರ ಕೈಗೆ ಕೊಡಿ. ಜೋಡಿ ತಂತಿಯ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಗಣಿತದ ಪಾಠವೂ ಆಯಿತು. ನಂತೂರಿನಿಂದ ಕೂಗಳತೆಯಲ್ಲಿ ಕೆ.ಪಿ.ಟಿ. ಇದೆ, 1946ರಿಂದ ತಾಂತ್ರಿಕ ವಿದ್ಯೆ ಕೊಡುತ್ತಿರುವ ಸಂಸ್ಥೆ. ಬೋಂದೆಲಿನಲ್ಲಿ ಹೆಣ್ಣುಮಕ್ಕಳದೇ ಪಾಲಿಟೆಕ್ನಿಕ್ ಇದೆ. ಅಲ್ಲಿಯ ಮಕ್ಕಳನ್ನು ಒಂದು ಶನಿವಾರ ನಮ್ಮ ಶಾಲೆಗಳಿಗೆ, ಮಹಿಳಾ ಮಂಡಲಗಳಿಗೆ, ಸ್ವಸಹಾಯ ಸಂಘಗಳಿಗೆ ಕರೆಸಲು ಯಾವ ಸರ್ಕಾರಿ ಆದೇಶ ಬೇಕು? ಸಭೆಗಳಲ್ಲಿ ರಂಗೋಲಿ ಸ್ಪರ್ಧೆ, ಮೆಹಂದಿ ಸ್ಪರ್ಧೆ ಇಡುತ್ತೇವಲ್ಲ, ಒಮ್ಮೆ ಕೇಬಲು ಕಟ್ಟುವ ಸ್ಪರ್ಧೆಯನ್ನೂ ಇಡಿ. ಬೀಡಿ ಕಟ್ಟುವ ಅಕ್ಕಂದಿರನ್ನು ಮಾತ್ರ ಮರೆಯದೆ ಕರೆಯಿರಿ. ಮೊದಲ ಬಹುಮಾನ ಯಾರಿಗೆ ಹೋಗುತ್ತದೆಂದು ನನಗೆ ಈಗಲೇ ಗೊತ್ತು.